ಗಣಕಲೋಕದ ನೀರುಗಂಟಿಗಳು



ಮಂಡ್ಯ, ಮದ್ದೂರು, ಮಳವಳ್ಳಿ. ಈ ಮೂರು ಊರುಗಳ ಹೆಸರನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಮೂರೂ 'ಮ' ಅಕ್ಷರದಿಂದ ಆರಂಭವಾಗುತ್ತವೆ. ಮೂರರಲ್ಲೂ ಒಂದೊಂದು ಒತ್ತಕ್ಷರವಿದೆ. ಮಂಡ್ಯದಲ್ಲಿ ಡಕಾರಕ್ಕೆ ಯ ಒತ್ತು, ಮದ್ದೂರಿನಲ್ಲಿ ದಕಾರಕ್ಕೆ ದ ಒತ್ತು, ಮಳವಳ್ಳಿಯಲ್ಲಿ ಳಕಾರಕ್ಕೆ ಳ ಒತ್ತು. ಪ್ರಾಥಮಿಕ ಶಾಲೆಯ ಮಗು ಇದನ್ನು ತಪ್ಪಿಲ್ಲದೆ ಬರೆಯುತ್ತದೆ. ಗಣಕಯಂತ್ರಕ್ಕೆ ಮಾತ್ರ ಇದು ಅಷ್ಟು ಸಲೀಸಲ್ಲ.

ನೀರಾವರಿಯ ಬಗ್ಗೆ ಒಂದು ಕಾರ್ಯಕ್ರಮಕ್ಕಾಗಿ ನಾವು ಈ ಮೂರು ತಾಲ್ಲೂಕುಗಳಲ್ಲಿ ಚಿತ್ರೀಕರಣ ಮುಗಿಸಿ ಬಂದಿದ್ದೆವು. ಸಂಕಲನದ ಕೋಣೆಯಲ್ಲಿ ಶೀರ್ಷಿಕೆಯ ಫಲಕ ಸಿದ್ಧವಾಗುತ್ತಿತ್ತು. ತೆರೆಯ ಮೇಲೆ ಮೂಡಿದ ಹೆಸರು 'ಮದ್‌ದೂರು'. ಒತ್ತು ಕಳಚಿಕೊಂಡು ಪಕ್ಕದಲ್ಲಿ ಬಂದು ನಿಂತಿತ್ತು. ಪ್ರಸಾರಕ್ಕೆ ಹೆಚ್ಚು ಹೊತ್ತಿರಲಿಲ್ಲ. ನಮ್ಮ ಕಿರಿಯ ಸಹಾಯಕನೊಬ್ಬ ಬೇರೊಂದು ಗಣಕದ ಮುಂದೆ ಕುಳಿತು, ಅಂತರಜಾಲದಿಂದ ಏನನ್ನೋ ಇಳಿಸಿಕೊಂಡು, ಐದು ನಿಮಿಷದಲ್ಲಿ ಒತ್ತನ್ನು ಅದರ ಜಾಗದಲ್ಲಿ ಕೂರಿಸಿದ. "ಯಾರಪ್ಪಾ ಇದನ್ನು ಮಾಡಿದ್ದು?" ಎಂದು ಕೇಳಿದೆ. "ಯಾರೋ ಮಾಡಿ ಇಟ್ಟಿದ್ದಾರೆ ಸಾರ್. ದುಡ್ಡೇನೂ ಕೊಡಬೇಕಾಗಿಲ್ಲ" ಎಂದ.

ಆ 'ಯಾರೋ' ಯಾರು, ಅವರು ಮಾಡುವ ಕೆಲಸ ಎಂಥದು, ಅವರು ಅದನ್ನು ನಿಲ್ಲಿಸಿದರೆ ನಮಗೇನಾಗುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಒತ್ತಿನ ವಿಚಾರವನ್ನೇ ನೋಡೋಣ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕೆ ಮಾತ್ರ ಗೊತ್ತು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಅಂಕೆಯನ್ನು ಗೊತ್ತುಪಡಿಸಬೇಕು. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಅಂಕೆ ಹಂಚಿಕೊಡುವ ಏರ್ಪಾಡಿಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡಕ್ಕೆ ಅದರಲ್ಲಿ 128 ಮನೆಗಳನ್ನು ಕಾದಿರಿಸಿದ್ದಾರೆ. ಆದರೆ ಒತ್ತಕ್ಷರಗಳಿಗೆ ಪ್ರತ್ಯೇಕ ಮನೆ ಇಲ್ಲ. 'ಮದ್ದೂರು' ಎಂಬುದು ಗಣಕದ ಒಳಗೆ ಮ, ದ, ಅರ್ಧಾಕ್ಷರದ ಚಿಹ್ನೆ, ಮತ್ತೆ ದ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂದು ಏಳು ಸಂಕೇತಗಳಾಗಿ ಸಾಲಾಗಿ ನಿಂತಿರುತ್ತದೆ. ಮಂಡ್ಯಕ್ಕೆ ಐದು ಸಂಕೇತ, ಮಳವಳ್ಳಿಗೆ ಏಳು. ಈ ಸಾಲನ್ನು ಓದಿ, ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಪಕ್ಕದಲ್ಲಿ ಎಂದು ತೀರ್ಮಾನಿಸಿ ಚಿತ್ರ ಬರೆಯುವುದು ಇನ್ನೊಂದು ತಂತ್ರಾಂಶದ ಕೆಲಸ. ಅದಕ್ಕೆ ಬೇಕಾದ ನಿಯಮಗಳು ಅಕ್ಷರಗಳ ಆಕಾರದ ಜೊತೆಗೇ ಫಾಂಟ್ ಎಂಬ ಕಡತದಲ್ಲಿ ಇರುತ್ತವೆ.

ನಮ್ಮ ನಾಡಿನ ಹೆಸರನ್ನೇ ತೆಗೆದುಕೊಳ್ಳಿ. 'ಕರ್ನಾಟಕ' ಎನ್ನುವಾಗ ರಕಾರವನ್ನು ಮೊದಲು ಉಚ್ಚರಿಸಿ ಆಮೇಲೆ ನಾಕಾರಕ್ಕೆ ಹೋಗುತ್ತೇವೆ. ಬರೆಯುವಾಗ ನಾಕಾರ ಮೊದಲು ಬಂದು ಅರ್ಕಾವತ್ತು ಹಿಂದೆ ನಿಲ್ಲುತ್ತದೆ. ಗಣಕವೂ ಈ ತಿರುವುಮುರುವನ್ನು ಕಲಿಯಬೇಕು. ಇನ್ನು 'ರ‍್ಯಾಂಕ್' ಎಂದು ಬರೆಯುವಾಗ ಅರ್ಕಾವತ್ತು ಬೇಡ, ರಕಾರವೇ ಮೇಲಿರಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸಬೇಕು. ಇಂಥ ಹತ್ತಾರು ಸೂಕ್ಷ್ಮಗಳಲ್ಲಿ ಒಂದು ತಪ್ಪಿದರೂ ಅಚ್ಚಾಗುವ ಪಹಣಿಯಲ್ಲೋ, ಪಠ್ಯಪುಸ್ತಕದಲ್ಲೋ, ಲಗ್ನಪತ್ರಿಕೆಯಲ್ಲೋ ಹೆಸರು ಕೆಡುತ್ತದೆ. ಸರಿಯಾಗಿದ್ದಾಗ ಯಾರೂ ಗಮನಿಸುವುದಿಲ್ಲ, ತಪ್ಪಾದಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೀಗೆ ಯಾರೂ ಗಮನಿಸದ ಕೆಲಸವನ್ನು ಮಾಡುತ್ತಿರುವವರು ಬಹುಪಾಲು ಸ್ವಯಂಸೇವಕರು.

ಈಗ ಸ್ವಲ್ಪ ಹಿನ್ನೆಲೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವ, ಅದರ ಮೂಲ ಬರಹವನ್ನು ಓದುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯ ಇರಬೇಕು ಎಂಬುದು ಅವರ ವಾದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಹೊರಬಿಟ್ಟರು. ಇವೆರಡೂ ಕೂಡಿಕೊಂಡಾಗ ಮುಕ್ತವಾದ ಒಂದು ಕಾರ್ಯಾಚರಣ ವ್ಯವಸ್ಥೆ ಸಿದ್ಧವಾಯಿತು. ಆದರೆ ಅದು ಸಾವಿರಾರು ಬಿಡಿಭಾಗಗಳ ರಾಶಿ. ಒಂದೊಂದನ್ನು ಒಬ್ಬೊಬ್ಬರು ಜಗತ್ತಿನ ಒಂದೊಂದು ಮೂಲೆಯಲ್ಲಿ ಕುಳಿತು ಬರೆದಿದ್ದರು. ಜನಸಾಮಾನ್ಯರು ಅದನ್ನು ಜೋಡಿಸಿಕೊಳ್ಳುವುದು ಹೇಗೆ?

ಇದಕ್ಕೆ ಉತ್ತರವಾಗಿ ಬಂದವೇ 'ವಿತರಣೆಗಳು'. ಅವುಗಳಲ್ಲಿ ಹಿರಿಯವುಗಳ ಸಾಲಿಗೆ ಸೇರಿದ ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ 1993ರ ಆಗಸ್ಟ್ 16ರಂದು ಪ್ರಕಟಿಸಿದರು. ತಮ್ಮ ಗೆಳತಿ ಡೆಬ್ರಾ ಅವರ ಹೆಸರಿಗೆ ತಮ್ಮ ಹೆಸರನ್ನು ಜೋಡಿಸಿ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟರು. ಅದರ ಹಿಂದೆ ಯಾವ ಕಂಪನಿಯೂ ಇಲ್ಲ. ಪ್ರಪಂಚದಾದ್ಯಂತ ಹರಡಿರುವ ಸ್ವಯಂಸೇವಕರೇ ಅದನ್ನು ನಡೆಸುತ್ತಾರೆ. 2004ರಲ್ಲಿ ಬಂದ ಉಬುಂಟು ಇದರ ಮೇಲೆಯೇ ಕಟ್ಟಿದ್ದು. ನಮ್ಮ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ 'ಬಾಸ್' ಲಿನಕ್ಸ್ ಕೂಡ ಡೆಬಿಯನ್ನನ್ನೇ ಆಧರಿಸಿತು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ನೇ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ಯಾಕೇಜು ಎಂದರೆ ಒಂದು ತಂತ್ರಾಂಶವನ್ನು, ಅದು ನಡೆಯಲು ಬೇಕಾದ ಸೂಚನೆಗಳೊಂದಿಗೆ ಅಚ್ಚುಕಟ್ಟಾಗಿ ಕಟ್ಟಿಟ್ಟ ಗಂಟು. ಪ್ರತಿಯೊಂದು ಗಂಟಿಗೂ ಒಬ್ಬ ನಿರ್ವಾಹಕ, ಇಲ್ಲವೇ ನಿರ್ವಾಹಕರ ಒಂದು ತಂಡ ಇರುತ್ತದೆ.

ತಂತ್ರಾಂಶವನ್ನು ಬರೆದವರು ಒಬ್ಬರು, ಬಳಸುವವರು ಇನ್ನೊಬ್ಬರು. ಹಾಗಾದರೆ ನಡುವಿನ ಈ ನಿರ್ವಾಹಕನಿಗೆ ಏನು ಕೆಲಸ? ಇದನ್ನು ತಿಳಿಯಲು ಮಂಡ್ಯ ಜಿಲ್ಲೆಗೆ ಹಿಂದಿರುಗೋಣ.

ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು. ಅಲ್ಲಿಂದ ಹೊರಡುವ ದೊಡ್ಡ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಅವರ ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಸುರಂಗವನ್ನು ದಾಟಿ ಬರುವ ಈ ನೀರು ಮಂಡ್ಯದ ಬಯಲನ್ನು ತೋಯಿಸಿ, ಕವಲು ಕವಲಾಗಿ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಡೆಗೆ ಸಾಗುತ್ತದೆ. ಅವು ನಾಲೆಯ ಕೊನೆಯ ಭಾಗ. ಅಲ್ಲಿನ ರೈತರ ಗೋಳು ನಿಮಗೆ ಹೊಸದಲ್ಲ. ಚಿತ್ರೀಕರಣದ ವೇಳೆ ಮದ್ದೂರಿನ ಕಡೆಯ ಹಿರಿಯರೊಬ್ಬರು ಬದುವಿನ ಮೇಲೆ ಕುಳಿತು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಕಟ್ಟೇಲಿ ನೀರ್ ಬುಟ್ಟವ್ರೆ ಅಂತ ಪೇಪರ್ನಲ್ಲಿ ಬಂದದೆ ಕನಪ್ಪ. ನನ್ ಗದ್ದೆ ಮುಟ್ಟುದ್ ಮ್ಯಾಲೆ ತಾನೆ ಅದು ನೀರು?"

ಅಣೆಕಟ್ಟಿನಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ನಡುವೆ ತೂಬು ಎತ್ತಬೇಕು, ಹೂಳು ತೆಗೆಯಬೇಕು, ಏರಿಯಲ್ಲಿ ಏಡಿ ಬಿಲ ಕೊರೆದಿದೆಯೇ ನೋಡಬೇಕು, ಮೇಲಿನ ಗದ್ದೆಯವನು ರಾತ್ರಿ ಕಾಲುವೆ ಮುರಿದುಕೊಂಡಿದ್ದರೆ ಕಟ್ಟಬೇಕು. ನಮ್ಮ ಹಳ್ಳಿಗಳ ಕೆರೆ ನೀರಾವರಿಯಲ್ಲಿ ಈ ಕೆಲಸಕ್ಕೆಂದೇ ಒಬ್ಬನಿರುತ್ತಿದ್ದ. ಅವನೇ ನೀರುಗಂಟಿ. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ. ಕೆರೆಯ ನೀರು ಕೊನೆಯ ಗದ್ದೆಯವರೆಗೆ ತಲುಪಬೇಕೆಂಬುದೊಂದೇ ಅವನ ಹೊಣೆ.

ವಿಚಿತ್ರವೆಂದರೆ, ಗಣಕ ತಜ್ಞರೂ ತಮ್ಮ ಲೋಕದ ಬಗ್ಗೆ ಇದೇ ಭಾಷೆಯಲ್ಲಿ ಮಾತನಾಡುತ್ತಾರೆ. ತಂತ್ರಾಂಶವನ್ನು ಮೂಲದಲ್ಲಿ ಬರೆಯುವವರನ್ನು ಅವರು 'ಅಪ್‌ಸ್ಟ್ರೀಮ್' ಎನ್ನುತ್ತಾರೆ, ಅಂದರೆ ಹೊಳೆಯ ಮೇಲಿನ ಭಾಗ. ಅದನ್ನು ಪಡೆದು ಹಂಚುವ ವಿತರಣೆ 'ಡೌನ್‌ಸ್ಟ್ರೀಮ್', ಹೊಳೆಯ ಕೆಳಭಾಗ. ಪ್ಯಾಕೇಜಿನ ನಿರ್ವಾಹಕ ನಡುವೆ ತೂಬಿನ ಬಳಿ ನಿಂತಿರುವ ನೀರುಗಂಟಿ.

ಅವನ ದಿನಚರಿಯನ್ನು ಕೊಂಚ ನೋಡೋಣ. ಮೇಲಿನವರು ತಂತ್ರಾಂಶದ ಹೊಸ ಆವೃತ್ತಿ ಹೊರತಂದರೆ ಅದನ್ನು ತರಿಸಿಕೊಳ್ಳಬೇಕು. ಅದರ ಪರವಾನಗಿಯನ್ನು ಕಡತ ಕಡತವಾಗಿ ಪರಿಶೀಲಿಸಬೇಕು. ಹಂಚುವ ಹಕ್ಕಿಲ್ಲದ ಒಂದು ಚಿತ್ರ ಒಳಗೆ ಸೇರಿದ್ದರೂ ಅದನ್ನು ಸ್ವೀಕರಿಸುವಂತಿಲ್ಲ. ಈ ತಂತ್ರಾಂಶ ನಡೆಯಲು ಬೇರೆ ಯಾವ ಯಾವ ಪ್ಯಾಕೇಜುಗಳು ಬೇಕು ಎಂದು ಪಟ್ಟಿ ಮಾಡಬೇಕು. ಬೇರೆ ಬೇರೆ ಬಗೆಯ ಗಣಕಗಳಲ್ಲಿ ಅದು ಸರಿಯಾಗಿ ಸಿದ್ಧವಾಗುತ್ತದೆಯೇ ನೋಡಬೇಕು. ಆಮೇಲೆ ಅದು ಡೆಬಿಯನ್ನಿನ 'ಅಸ್ಥಿರ' ಎಂಬ ಮೊದಲ ಮಡುವಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಕೆಲವು ದಿನ ಇದ್ದು, ದೊಡ್ಡ ದೋಷವೇನೂ ಕಂಡುಬರದಿದ್ದರೆ 'ಪರೀಕ್ಷೆ' ಎಂಬ ಎರಡನೆಯ ಮಡುವಿಗೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಮಡುವಿನ ನೀರು ತಿಳಿಯಾದ ಮೇಲೆ 'ಸ್ಥಿರ' ಎಂಬ ಹೆಸರಿನಲ್ಲಿ ಜನರಿಗೆ ಬಿಡುಗಡೆಯಾಗುತ್ತದೆ.

ಬಿಡುಗಡೆಯೊಂದಿಗೆ ಕೆಲಸ ಮುಗಿಯುವುದಿಲ್ಲ. ದೋಷ ಕಂಡವರು ದೂರು ಬರೆಯುತ್ತಾರೆ. ಡೆಬಿಯನ್ನಿನಲ್ಲಿ ದೂರುಗಳ ದಫ್ತರ ಎಲ್ಲರಿಗೂ ತೆರೆದಿರುತ್ತದೆ. ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು ಆ ಯೋಜನೆ 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಪ್ಪಂದದಲ್ಲೇ ಬರೆದುಕೊಂಡಿದೆ. ಪ್ರತಿ ದೂರಿಗೂ ಒಂದು ಸಂಖ್ಯೆ. ನಿರ್ವಾಹಕ ಅದನ್ನು ಓದಿ, ಇದು ತನ್ನ ಗಂಟಿನ ತಪ್ಪೋ ಮೇಲಿನವರ ತಪ್ಪೋ ಎಂದು ಬೇರ್ಪಡಿಸಿ, ತನ್ನದಾದರೆ ತಿದ್ದಬೇಕು, ಮೇಲಿನವರದಾದರೆ ಅವರಿಗೆ ತಿಳಿಸಬೇಕು. ಹಗಲು ಸಂಬಳದ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಈ ಕೆಲಸಕ್ಕೆ ಕೂರುವವರೇ ಹೆಚ್ಚು.

ಕನ್ನಡದ ಮಟ್ಟಿಗೆ ಈ ಕೆಲಸ ಏನನ್ನು ಕೊಟ್ಟಿದೆ? ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಭಾರತೀಯ ಲಿಪಿಗಳಿಗಾಗಿ ಲೋಹಿತ್ ಎಂಬ ಮುಕ್ತ ಫಾಂಟುಗಳನ್ನು ಬಿಡುಗಡೆ ಮಾಡಿತು. ಆ ಫಾಂಟುಗಳ ಬಳಗದಲ್ಲಿ ಈಗ ಕನ್ನಡದ ಲೋಹಿತ್ ಕೂಡ ಇದೆ. ಆಮೇಲೆ ಕನ್ನಡದ ಯುವಕರು ಒತ್ತಕ್ಷರಗಳ ಪೂರ್ತಿ ಸೆಟ್ಟು ಇರುವ 'ಗುಬ್ಬಿ' ಎಂಬ ಫಾಂಟನ್ನೂ ಕೈಬರಹದ ಅಂದವಿರುವ 'ನವಿಲು' ಎಂಬ ಫಾಂಟನ್ನೂ ಸಿದ್ಧಪಡಿಸಿ ಮುಕ್ತವಾಗಿ ಬಿಟ್ಟರು. ಇವು ಡೆಬಿಯನ್ನಿನಲ್ಲಿ ಪ್ಯಾಕೇಜುಗಳಾಗಿ ಸೇರಿವೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಪ್ರಚಲಿತವಾದ ಕೀಲಿಮಣೆಯ ಕ್ರಮವೂ ಅಲ್ಲಿ ಸಿಗುತ್ತದೆ. ಅಚ್ಚಾದ ಕನ್ನಡ ಪುಟದ ಚಿತ್ರವನ್ನು ಓದಿ ಅಕ್ಷರಗಳಾಗಿ ಪರಿವರ್ತಿಸುವ ತಂತ್ರಾಂಶಕ್ಕೆ ಬೇಕಾದ ಕನ್ನಡದ ದತ್ತಾಂಶವೂ ಇದೆ. ಹೊಸ ಗಣಕಕ್ಕೆ ಡೆಬಿಯನ್ ಹಾಕುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿಕೊಂಡರೆ ಪ್ರಶ್ನೆಗಳು ಕನ್ನಡದಲ್ಲೇ ಬರುತ್ತವೆ. ಇದನ್ನು ಮಾಡಿಕೊಡಿ ಎಂದು ಯಾವ ಸರಕಾರವೂ ಆ ಯುವಕರಿಗೆ ಆದೇಶ ಕೊಟ್ಟಿರಲಿಲ್ಲ. ಸಂತೆಯಲ್ಲಿ ಲಾಭ ನೋಡಿ ಸರಕು ತರುವ ವ್ಯಾಪಾರಿಗೆ ಕನ್ನಡದ ಫಾಂಟು ಗಿರಾಕಿ ಕಡಿಮೆ ಇರುವ ಸರಕು. ನಮಗೆ ಅದು ನಮ್ಮೂರಿನ ಹೆಸರು.

ಕೆಲಸ ಇಷ್ಟು ಒಳ್ಳೆಯದಾದರೆ ಅದರಲ್ಲಿ ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಡೆಬಿಯನ್ನಿನ ಮನೆಯೊಳಗೇ ಆದದ್ದು. ಬ್ಯಾಂಕಿನ ವಹಿವಾಟಿನಿಂದ ಹಿಡಿದು ಖಾಸಗಿ ಪತ್ರದವರೆಗೆ ಗುಟ್ಟು ಕಾಯಲು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಬಳಕೆಯಲ್ಲಿದೆ. ಅದು ಗುಟ್ಟಿನ ಬೀಗದ ಕೈಗಳನ್ನು ತಯಾರಿಸಿಕೊಡುತ್ತದೆ. ಬೀಗದ ಕೈ ಊಹೆಗೆ ನಿಲುಕಬಾರದು, ಆದ್ದರಿಂದ ಅದಕ್ಕೆ ಎಲ್ಲೆಲ್ಲಿಂದಲೋ ಗೊಂದಲದ ಅಂಕೆಗಳನ್ನು ಕಲೆಹಾಕಿ ಬೆರೆಸುತ್ತಾರೆ. 2006ರಲ್ಲಿ ಆ ಪ್ಯಾಕೇಜಿನಲ್ಲಿ ಒಂದು ತಿದ್ದುಪಡಿ ಆಯಿತು. ತಪ್ಪು ಹುಡುಕುವ ಸಾಧನವೊಂದು ಎಚ್ಚರಿಕೆ ತೋರಿಸುತ್ತಿದ್ದ ಸಾಲನ್ನು, ಅನಗತ್ಯವೆಂದು ಭಾವಿಸಿ, ನಿಷ್ಕ್ರಿಯಗೊಳಿಸಲಾಯಿತು. ಅಂಕೆಗಳನ್ನು ಬೆರೆಸುತ್ತಿದ್ದದ್ದು ಅದೇ ಸಾಲು. ಪರಿಣಾಮವಾಗಿ ಒಂದು ಬಗೆಯ ಗಣಕದಲ್ಲಿ ಒಂದು ಅಳತೆಯ ಬೀಗದ ಕೈಗಳು ಕೇವಲ 32 ಸಾವಿರ ಚಿಲ್ಲರೆ ಬಗೆಗಳಿಗೆ ಇಳಿದವು. ಒಂದೊಂದನ್ನೇ ಹಾಕಿ ನೋಡಿ ಬೀಗ ತೆರೆಯಲು ಕಳ್ಳನಿಗೆ ಹೆಚ್ಚು ಹೊತ್ತು ಬೇಡ. ಇದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ, ಡೆಬಿಯನ್ನಿನವರೇ ಆದ ಲೂಸಿಯಾನೊ ಬೆಲ್ಲೊ ಅವರ ಕಣ್ಣಿಗೆ ಬಿದ್ದಾಗ. ಡೆಬಿಯನ್ ಆ ತಪ್ಪನ್ನು ತಾನೇ ಸಾರಿ ಹೇಳಿತು. ಜಗತ್ತಿನ ಉದ್ದಗಲಕ್ಕೂ ಜನ ಬೀಗದ ಕೈಗಳನ್ನು ಬದಲಿಸಬೇಕಾಯಿತು. ತೂಬಿನ ಬಳಿ ನಿಂತವನು ಒಳ್ಳೆಯ ಉದ್ದೇಶದಿಂದಲೇ ಕಲ್ಲೊಂದನ್ನು ಕಿತ್ತಿದ್ದ. ಜೊತೆಗೆ ಇನ್ನೊಂದು ಜೋಡಿ ಕಣ್ಣು ಆಗಲೇ ನೋಡಿದ್ದರೆ ಎರಡು ವರ್ಷ ಬೇಕಾಗುತ್ತಿರಲಿಲ್ಲ.

ಎರಡನೆಯದು ಇನ್ನೂ ಘೋರ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜ಼ೆಡ್ ಎಂಬ ಚಿಕ್ಕ ತಂತ್ರಾಂಶವಿದೆ. ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳೂ ಅದನ್ನು ಬಳಸುತ್ತವೆ. ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ. 2021ರಿಂದ 'ಜಿಯಾ ಟಾನ್' ಎಂಬ ಹೆಸರಿನವರೊಬ್ಬರು ನೆರವಿಗೆ ಬರತೊಡಗಿದರು. 2022ರಲ್ಲಿ ಗುರುತಿಲ್ಲದ ಕೆಲವು ಹೆಸರುಗಳಿಂದ ದೂರಿನ ಪತ್ರಗಳು ಬರಲಾರಂಭಿಸಿದವು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ವಹಿಸಿಕೊಡಿ ಎಂಬುದು ಅವುಗಳ ಒತ್ತಾಯ. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಕಾಲಿನ್ ಹೇಳಿಕೊಂಡರು. ಕೊನೆಗೆ ಹೊಸಬರಿಗೂ ಅಧಿಕಾರ ಕೊಟ್ಟರು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ, ದೂರದಿಂದಲೇ ಗಣಕದೊಳಗೆ ನುಗ್ಗಲು ಅನುವಾಗುವ ಕಳ್ಳದಾರಿಯೊಂದು ಅಡಗಿ ಕುಳಿತಿತ್ತು. ಡೆಬಿಯನ್ ಮುಂತಾದ ಕೆಲವು ವಿತರಣೆಗಳು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡಿದ್ದ ಒಂದು ಜೋಡಣೆಯನ್ನೇ ಅದು ಮೆಟ್ಟಿಲಾಗಿಸಿಕೊಂಡಿತ್ತು.

ಅದು ಹೇಗೆ ಸಿಕ್ಕಿಬಿತ್ತು ಗೊತ್ತೇ? ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಡೆಬಿಯನ್ನಿನ ಅಸ್ಥಿರ ಆವೃತ್ತಿಯಲ್ಲಿ ಏನೋ ಪರೀಕ್ಷೆ ಮಾಡುತ್ತಿದ್ದರು. ದೂರದ ಗಣಕಕ್ಕೆ ಪ್ರವೇಶ ಪಡೆಯಲು ವಾಡಿಕೆಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಅರ್ಧ ಸೆಕೆಂಡು ತಾನೇ ಎಂದು ಅವರು ಬಿಡಲಿಲ್ಲ, ಕಾರಣ ಹುಡುಕುತ್ತ ಹೋದರು. 2024ರ ಮಾರ್ಚ್ 29ರಂದು ಸಂಗತಿಯನ್ನು ಬಹಿರಂಗಪಡಿಸಿದರು. ಆ ವೇಳೆಗೆ ವಿಷ ಮೊದಲಿನ ಎರಡು ಮಡುಗಳಿಗೆ ಬಂದಿತ್ತು, ಜನ ಕುಡಿಯುವ ಮೂರನೆಯದನ್ನು ಮುಟ್ಟಿರಲಿಲ್ಲ. ಮಡುಗಳನ್ನು ಬೇರೆ ಬೇರೆ ಇಟ್ಟದ್ದರ ಪುಣ್ಯ ಅದು. ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದಲೇ ಫ್ರಾಯಿಂಡ್ ಕಾರಣವನ್ನು ಕಂಡುಹಿಡಿಯಬಲ್ಲವರಾದರು. ಆದರೆ ತೆರೆದ ಬರಹವನ್ನು ಓದುವವರೇ ಇಲ್ಲದಿದ್ದರೆ ತೆರೆದಿದ್ದು ಏನು ಫಲ? ಇಲ್ಲಿ ಕಳ್ಳ ಬಂದದ್ದು ಒಂಟಿಯಾಗಿ ದಣಿದಿದ್ದ ಒಬ್ಬ ಕಾವಲುಗಾರನ ಬಾಗಿಲಿಗೆ. ಅವನ ದಣಿವನ್ನು ನಾವು ಯಾರೂ ಕೇಳಿರಲಿಲ್ಲ, ಕಳ್ಳ ಕೇಳಿದ.

ಓದುಗರೇ, ಇಲ್ಲಿ ನನ್ನ ಹೋಲಿಕೆಯ ಕೊರತೆಯೊಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಊರಿನ ನೀರುಗಂಟಿ ಬಿಟ್ಟಿ ದುಡಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತರೆ ಪ್ರತಿ ರೈತನೂ ಅವನ ಪಾಲಿನ ಕಾಳನ್ನು ಅಳೆದು ಕೊಡುತ್ತಿದ್ದ. ಅದಕ್ಕೂ ಹಿಂದಿನ ನಮ್ಮ ಶಾಸನಗಳಲ್ಲಿ ಕೆರೆಯನ್ನು ಕಟ್ಟಿ ಕಾಪಾಡಲು ಬಿಟ್ಟ 'ಬಿತ್ತುವಟ್ಟ'ದ ಭೂಮಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೆ ಕೀರ್ತಿ ಸಿಕ್ಕರೆ ಸಾಲದು, ಕಾಪಾಡುವವನಿಗೆ ಅನ್ನವೂ ಸಿಗಬೇಕು ಎಂಬ ವಿವೇಕ ನಮ್ಮ ಹಿರಿಯರಿಗಿತ್ತು. ಇಂದು ದೊಡ್ಡ ದೊಡ್ಡ ಕಂಪನಿಗಳು, ಬ್ಯಾಂಕುಗಳು, ಸರಕಾರಗಳು ಈ ಸ್ವಯಂಸೇವಕರ ದುಡಿಮೆಯ ಮೇಲೆ ನಿಂತಿವೆ. ಕಣದಲ್ಲಿ ಕಾಳು ಅಳೆದುಕೊಡುವವರು ಎಷ್ಟು ಮಂದಿ? ಕೆಲವು ಕಂಪನಿಗಳು ತಮ್ಮ ನೌಕರರಿಗೆ ಈ ಕೆಲಸ ಮಾಡಲು ಸಮಯ ಕೊಡುತ್ತವೆ, ಕೆಲವು ಹಣವನ್ನೂ ಕೊಡುತ್ತವೆ. ಆದರೆ ಆ ಹಣ ಹೆಸರಾದ ತಂತ್ರಾಂಶಗಳ ಕಡೆಗೇ ಹರಿಯುತ್ತದೆ. ಕನ್ನಡದ ಒಂದು ಫಾಂಟಿನ ಗಂಟು ನಾಲೆಯ ಕೊನೆಯ ಗದ್ದೆ.

ನೋಡಿಕೊಳ್ಳುವವರು ಬಿಟ್ಟುಹೋದರೆ ಏನಾಗುತ್ತದೆ? ಒಬ್ಬರಿಗೆ ಮದುವೆಯಾಗುತ್ತದೆ, ಒಬ್ಬರಿಗೆ ಕೆಲಸ ಬದಲಾಗುತ್ತದೆ, ಒಬ್ಬರು ಕಾಯಿಲೆ ಬೀಳುತ್ತಾರೆ. ಡೆಬಿಯನ್ನಿನಲ್ಲಿ ಇದಕ್ಕೂ ಒಂದು ಪಟ್ಟಿ ಇದೆ. 'ನನಗೆ ನೆರವು ಬೇಕು', 'ಇದನ್ನು ಯಾರಾದರೂ ದತ್ತು ತೆಗೆದುಕೊಳ್ಳಿ', 'ಇದು ಅನಾಥವಾಗಿದೆ' ಎಂದು ಮೂರು ಬಗೆಯ ಸೂಚನೆಗಳು ಅದರಲ್ಲಿರುತ್ತವೆ. ಹೌದು, ಅವರು ಬಳಸುವ ಮಾತೇ 'ಅನಾಥ'. ಬಹಳ ಕಾಲ ಸದ್ದಿಲ್ಲದ ನಿರ್ವಾಹಕರನ್ನು ಹುಡುಕಿ ವಿಚಾರಿಸಲು ಬೇರೆಯೇ ಒಂದು ತಂಡವಿದೆ. ಅನಾಥ ಪ್ಯಾಕೇಜನ್ನು ಕೆಲಕಾಲ ಎಲ್ಲರೂ ಸೇರಿ ನೋಡಿಕೊಳ್ಳುತ್ತಾರೆ. ಆದರೂ ಸರಿಪಡಿಸದ ದೊಡ್ಡ ದೋಷ ಉಳಿದುಬಿಟ್ಟರೆ ಮುಂದಿನ ಆವೃತ್ತಿಯಿಂದ ಅದನ್ನು ಕೈಬಿಡುತ್ತಾರೆ. ಯಾರೂ ಗಲಾಟೆ ಮಾಡುವುದಿಲ್ಲ. ಒಂದು ದಿನ ಹೊಸ ಗಣಕದಲ್ಲಿ ಹುಡುಕಿದರೆ ಅದು ಇರುವುದಿಲ್ಲ, ಅಷ್ಟೆ.

ಇದನ್ನು ಬರೆಯುವಾಗ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ನೆನಪಾಗುತ್ತಾರೆ. ಕುರಿ ಕಾಯುತ್ತಿದ್ದ ಅವರು ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲದ್ದನ್ನು ಕಂಡು, ದಶಕಗಳ ಕಾಲ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ಕಟ್ಟಿದರು. ಪ್ರಶಸ್ತಿಯಿಂದ ಬಂದ ಹಣವನ್ನೂ ಕಟ್ಟೆಗಳಿಗೇ ಸುರಿದರು. 2020ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಅವರನ್ನು ನೆನೆದಾಗ ಇಡೀ ದೇಶಕ್ಕೆ ಅವರ ಪರಿಚಯವಾಯಿತು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅವರನ್ನು ಹೊಗಳುವವರು ಬಹಳ ಮಂದಿ ಇದ್ದೇವೆ. ಆದರೆ ಕಟ್ಟೆಯ ಸ್ವಭಾವ ಬೇರೆ. ಅದಕ್ಕೆ ಹೊಗಳಿಕೆ ಬೇಕಿಲ್ಲ, ಪ್ರತಿ ಬೇಸಿಗೆಯಲ್ಲೂ ಹೂಳು ತೆಗೆಯುವ ಒಂದು ಕೈ ಬೇಕು. ತಂತ್ರಾಂಶದ ಸ್ವಭಾವವೂ ಹಾಗೆಯೇ. ಅದು ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ. ಆದರೆ ಸುತ್ತಲಿನ ಇತರ ತಂತ್ರಾಂಶಗಳು ಬದಲಾಗುತ್ತ ಹೋದಂತೆ, ನಿಂತಲ್ಲೇ ನಿಂತದ್ದು ತಾನಾಗಿಯೇ ಹಳತಾಗಿ ಕೆಡುತ್ತದೆ.

ಹಾಗಾದರೆ ನಾವೇನು ಮಾಡಬಹುದು? ಈ ಮಾತನ್ನು ನಾನು ಹೆಚ್ಚಾಗಿ ಎಳೆಯರಿಗೆ ಹೇಳುತ್ತಿದ್ದೇನೆ. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು 1962ರಲ್ಲೇ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜನ್ನು ಕಟ್ಟಿದರು. ರೈತರ ಮಕ್ಕಳು ಇಂಜಿನಿಯರುಗಳಾಗಬೇಕಾದರೆ ದೂರದ ಊರಿಗೇ ಹೋಗಬೇಕಾಗಿಲ್ಲ ಎಂಬ ಕಾಲ ಆಗಲೇ ಬಂದಿತು. ಇಂದು ಮದ್ದೂರಿನ, ಮಳವಳ್ಳಿಯ ಹಳ್ಳಿಗಳಿಂದಲೂ ಗಣಕ ವಿಜ್ಞಾನ ಓದುವ ಹುಡುಗ ಹುಡುಗಿಯರಿದ್ದಾರೆ. ಪ್ಯಾಕೇಜು ನೋಡಿಕೊಳ್ಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಒಂದು ಗಣಕ, ಅಂತರಜಾಲದ ಸಂಪರ್ಕ, ವಾರಕ್ಕೆ ನಾಲ್ಕು ಗಂಟೆ ಇದ್ದರೆ ಸಾಕು.

ಮೊದಲ ದಿನವೇ ಯಾರೂ ನಿಮಗೆ ತೂಬಿನ ಕೀಲಿ ಕೊಡುವುದಿಲ್ಲ. ದೂರು ಬರೆಯುವುದರಿಂದ ಆರಂಭಿಸಿ. 'ಕನ್ನಡ ಸರಿ ಬರುತ್ತಿಲ್ಲ' ಎಂದರೆ ಅದು ದೂರಲ್ಲ, ಗೊಣಗಾಟ. ಯಾವ ಫಾಂಟು, ಯಾವ ಆವೃತ್ತಿ, ಯಾವ ಪದ, ಏನು ಬರಬೇಕಿತ್ತು, ಏನು ಬಂತು ಎಂದು ಬರೆದು ತೆರೆಯ ಚಿತ್ರವನ್ನು ಜೊತೆಗಿಟ್ಟರೆ ಅದು ದೂರು. ಈ ದೂರುಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ಪರೀಕ್ಷೆಯ ಇಂಗ್ಲಿಷು ಬೇಕಾಗಿಲ್ಲ, ಸಂಗತಿ ಸ್ಪಷ್ಟವಾಗಿದ್ದರೆ ಸಾಕು. ಯಾವ ಒತ್ತು ಎಲ್ಲಿ ಕೂರಬೇಕು ಎಂಬುದು ಟೋಕಿಯೊದ ತಂತ್ರಜ್ಞನಿಗಿಂತ ಮಳವಳ್ಳಿಯ ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಎರಡನೆಯ ಹಂತದಲ್ಲಿ, ಬೇರೆಯವರು ಬರೆದ ದೂರು ನಿಮ್ಮ ಗಣಕದಲ್ಲೂ ನಿಜವೇ ಎಂದು ಪರೀಕ್ಷಿಸಿ ತಿಳಿಸಿ. ಮೂರನೆಯದು, ನೀವೇ ತಿದ್ದಿ ಕಳುಹಿಸುವುದು. ಅದನ್ನು ಅನುಭವಿಯೊಬ್ಬರು ಪರಿಶೀಲಿಸಿ ತಮ್ಮ ಸಹಿಯೊಂದಿಗೆ ಒಳಗೆ ಸೇರಿಸುತ್ತಾರೆ. ಹೀಗೆ ಕೆಲವು ವರ್ಷ ನಂಬಿಕೆ ಗಳಿಸಿದ ಮೇಲೆ ನಿಮ್ಮ ಸಹಿಗೇ ಬೆಲೆ ಬರುತ್ತದೆ.

ಆ ಸಹಿಯ ಕ್ರಮವೂ ಸ್ವಾರಸ್ಯವಾಗಿದೆ. ಅದು ಗಣಿತದ ಗುಟ್ಟಿನಿಂದ ಮಾಡಿದ ಸಹಿ. ಆದರೆ ಈ ಸಹಿ ನಿಜವಾಗಿ ಇವರದೇ ಎಂದು ಹೇಳಲು ಹಳೆಯ ಸದಸ್ಯರೊಬ್ಬರು ಸಾಮಾನ್ಯವಾಗಿ ನಿಮ್ಮನ್ನು ಎದುರಿಗೆ ಕಂಡು, ಗುರುತಿನ ಚೀಟಿ ನೋಡಿ ಸಾಕ್ಷಿ ಹಾಕುತ್ತಾರೆ. ಹೀಗೆ ಒಬ್ಬರಿಗೊಬ್ಬರು ಸಾಕ್ಷಿಯಾಗುತ್ತ ಒಂದು ನಂಬಿಕೆಯ ಬಲೆ ಹೆಣೆದುಕೊಂಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಮೊದಲ ಬಾರಿಗೆ ಭಾರತದಲ್ಲಿ, ಪಕ್ಕದ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಎಷ್ಟೋ ವರ್ಷ ಪತ್ರದಲ್ಲೇ ಜೊತೆಗೆ ದುಡಿದವರು ಇಂಥ ಕಡೆ ಮುಖ ನೋಡಿ ಕೈ ಕುಲುಕುತ್ತಾರೆ. ಗಣಕ ಎಷ್ಟೇ ಮುಂದುವರಿದರೂ ನಂಬಿಕೆಗೆ ಮನುಷ್ಯನ ಮುಖವೇ ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕೊನೆಯದಾಗಿ, ಗಣಕದ ಗೊಡವೆ ಇಲ್ಲದ ಓದುಗರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಮಗನೋ ಸೊಸೆಯೋ ಗಣಕದ ಮುಂದೆ ಕುಳಿತು, "ಇದಕ್ಕೆ ಎಷ್ಟು ಕೊಡುತ್ತಾರೆ?" ಎಂದು ನೀವು ಕೇಳಿದಾಗ "ಏನೂ 
ಇಲ್ಲ" ಎಂದರೆ, ದಯಮಾಡಿ ನಗಬೇಡಿ. ಒಂದು ಲೋಟ ಕಾಫಿ ತಂದಿಟ್ಟು, ಏನು ಮಾಡುತ್ತಿದ್ದೀಯ ಎಂದು ಕೇಳಿ. ಕಣದ ಕಾಳನ್ನು ಅಳೆಯುವ ಮೊದಲ ಸೇರು ಅದೇ ಆಗಲಿ.

ಅಂದು ನಮ್ಮ ಕಾರ್ಯಕ್ರಮ ವೇಳೆಗೆ ಸರಿಯಾಗಿ ಪ್ರಸಾರವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ಹೆಸರೂ ತೆರೆಯ ಮೇಲೆ ನೆಟ್ಟಗೆ ನಿಂತಿದ್ದವು. ಕೊನೆಯಲ್ಲಿ ಕೃತಜ್ಞತೆಯ ಪಟ್ಟಿ ಸಾಗಿತು: ಛಾಯಾಗ್ರಾಹಕರು, ಧ್ವನಿ ಗ್ರಾಹಕರು, ಸಂಕಲನಕಾರರು, ನೆರವಾದ ಇಲಾಖೆಗಳು. ಆ ಒತ್ತನ್ನು ಕೂರಿಸಿಕೊಟ್ಟವರ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಹಾಕಬೇಕಿತ್ತು ಎಂದು ನನಗೆ ಹೊಳೆದದ್ದು ತಡವಾಗಿ. ಆ ಬಾಕಿಯನ್ನು ತೀರಿಸುವ ಸಣ್ಣ ಪ್ರಯತ್ನವಾಗಿ ಇಷ್ಟನ್ನು ಬರೆದಿದ್ದೇನೆ.